ಹಳೆ ಸೈಕಲ್ ಗುರುತು ಹಿಡಿಯೋದು ಹೇಗೆ?

ಯಾದಗಿರಿ, ಶಹಾಪುರ, ಸುರಪುರದಲ್ಲಿ ಹಳೆ ಸೈಕಲ್ ಗುಜರಿಗೆ ಹೋದ್ರೆ ಬರೀ ಕಬ್ಬಿಣದ ತೂಕ. ಅದಕ್ಕೂ ಮುಂಚೆ ನಾವು ಅದರ ಊರು, ವಯಸ್ಸು ತಿಳ್ಕೊಳ್ಳೋಣ.

ಬಣ್ಣ, ಸ್ಟಿಕ್ಕರ್ ನಂಬಬ್ಯಾಡ್ರಿ, ಅವನ್ನ ಯಾರು ಬೇಕಾದ್ರೂ ಬದಲಿಸಬಹುದು. ಹ್ಯಾಂಡಲ್ ಕೆಳಗಿನ ಬ್ಯಾಡ್ಜ್ ನೋಡೋಣ: ಮೂರು ಬಂದೂಕು ಅಂದ್ರೆ ಬಿಎಸ್ಎ, ಕೊಕ್ಕರೆ ತಲೆ ಅಂದ್ರೆ ರ‍್ಯಾಲಿ. ಹಳೆ ರ‍್ಯಾಲಿಗಳ ಪೆಡಲ್ ಚಕ್ರದಲ್ಲೂ ಹೆಚ್ಚಾಗಿ ಕೊಕ್ಕರೆ ಇರ್ತದ.

ಹರ್ಕ್ಯುಲಿಸ್ ಸಿಕ್ಕರೆ ಎಲ್ಲಿ ತಯಾರಾಯ್ತು ಅಂತ ಓದಬೇಕು. ಮದ್ರಾಸಿನ ಟಿಐ ಸೈಕಲ್ಸ್ ಶುರುವಾಗಿದ್ದು 1949ರಲ್ಲಿ. ಅದಕ್ಕಿಂತ ಹಳೇದು ಇಂಗ್ಲೆಂಡಿಂದು.

ಹಿಂದಿನ ಚಕ್ರದಾಗ ಸ್ಟರ್ಮಿ-ಆರ್ಚರ್ ಗೇರ್ ಹಬ್ ಇದ್ರೆ ಸುಲಭ. ಅದರ ಮೇಲೆ ‘62’ ಅಂತ ಕೊರೆದಿದ್ರೆ 1962. ಆದ್ರೆ ಅದು ಹಬ್‌ನ ವಯಸ್ಸು, ಫ್ರೇಮಿಂದಲ್ಲ. ಎಲ್ಲ ಗುರುತು ಒಂದಕ್ಕೊಂದು ಹೊಂದಬೇಕು.

ತಕ್ಕಡಿಗೆ ಹಾಕೋ ಮೊದಲು ಫ್ರೇಮ್ ನಂಬರಿನ ಫೋಟೋ ತೆಗೀರಿ. ಕರಗಿದ ಮೇಲೆ ಓದೋಕೆ ಏನೂ ಉಳಿಯಲ್ಲ.