ಕೆರೆಯನ್ನು ಬೋಳು ಮಾಡಬೇಡಿ

ಭಾನುವಾರ ಬಂತೆಂದರೆ ಗುದ್ದಲಿ, ಮಂಕರಿ ಹಿಡಿದು ಕೆರೆಗೆ ಇಳಿಯುವ ಹುಡುಗ ಹುಡುಗಿಯರೇ, ನಿಮ್ಮನ್ನು ಕಂಡರೆ ನನಗೆ ಹೊಟ್ಟೆ ತುಂಬುತ್ತದೆ. ಊರ ಕೆರೆ ನಮ್ಮದು ಎನ್ನುವವರೇ ಕಡಿಮೆಯಾಗಿರುವ ಹೊತ್ತಿನಲ್ಲಿ ನೀವು ಕೆಸರಿಗೆ ಕಾಲಿಟ್ಟಿದ್ದೀರಿ. ಅದಕ್ಕೇ ಒಂದು ಮಾತನ್ನು ಈಗಲೇ ಹೇಳಿಬಿಡಬೇಕು. ನೀರಲ್ಲಿ ಹಸಿರಾಗಿ ಕಂಡದ್ದೆಲ್ಲ ಕಳೆಯಲ್ಲ ಕಣ್ರಪ್ಪ. ಕಸ ತೆಗೆಯಿರಿ, ಕಳೆ ತೆಗೆಯಿರಿ, ಕೆರೆಯನ್ನು ಮಾತ್ರ ಬೋಳು ಮಾಡಬೇಡಿ.

ಮಂಡ್ಯದ ನಮ್ಮ ಹೊಳಲು ಊರಿನ ಆಸುಪಾಸು ಈಗ ಭತ್ತ, ಕಬ್ಬಿನ ಸೀಮೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ, ಹುಲಿಕೆರೆ ಸುರಂಗ ದಾಟಿ ಬಂದ ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಶುರುವಾದ ಮೈಷುಗರ್ ಸೇರಿ ಮಂಡ್ಯವನ್ನು ಮಂಡ್ಯ ಮಾಡಿದವು. ನಾಲೆ ನಮಗೆ ಅನ್ನ ಕೊಟ್ಟಿದೆ, ಅದನ್ನು ದೂರುವ ಮಾತೇ ಇಲ್ಲ. ಆದರೆ ಅದರಿಂದ ಕೆರೆಗಳ ಬದುಕು ಬದಲಾಯಿತು ಎಂಬುದನ್ನು ನೀವು ತಿಳಿದಿರಬೇಕು. ಮಳೆಗೆ ತುಂಬಿ ಬೇಸಿಗೆಗೆ ಇಳಿಯುವುದು ಕೆರೆಯ ಹಳೆಯ ಕ್ರಮ. ನೀರು ಹಿಂದೆ ಸರಿದಾಗ ದಡದ ಕೆಸರಿಗೆ ಬಿಸಿಲು ತಾಕಿ, ಅಲ್ಲಿ ಮಲಗಿದ್ದ ಬೀಜಗಳು ಮೊಳೆಯುತ್ತಿದ್ದವು. ಈಗ ಗದ್ದೆಯ ಬಸಿನೀರು ಬಂದು ಸೇರುವ ಕೆರೆ ಸುಲಭಕ್ಕೆ ಇಳಿಯುವುದಿಲ್ಲ. ಬರುವ ನೀರಿನ ಜೊತೆ ಯೂರಿಯಾ, ಡಿಎಪಿ ಬರುತ್ತವೆ. ಊರು ಬೆಳೆದಂತೆ ಚರಂಡಿಯೂ ಅತ್ತಲೇ ತಿರುಗಿತು.

ಹಿಂದೆ ನಮ್ಮ ಕೆರೆಯ ಅಂಚಿನ ತೇವದಲ್ಲಿ ಹೊನಗೊನ್ನೆ, ಒಂದೆಲಗ, ನೀರುಬ್ರಾಹ್ಮಿ ಇರುತ್ತಿದ್ದವು. ಮೊಣಕಾಲುದ್ದದ ನೀರಲ್ಲಿ ಜೊಂಡು, ಆಪು, ಬಜೆ. ಇನ್ನೂ ಒಳಗೆ ನೈದಿಲೆ, ತಾವರೆ. ನೀರಿನಡಿಯಲ್ಲಿ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮುಂತಾದವು. ಅವನ್ನೆಲ್ಲ ನಾವು ಒಟ್ಟಾಗಿ ಪಾಚಿ ಎಂದುಬಿಡುತ್ತಿದ್ದೆವು. ಹೆಂಗಸರು ಉಪ್ಸಾರಿಗೆಂದು ಹೊನಗೊನ್ನೆ ಸೊಪ್ಪು ಕಿತ್ತು ಮಡಿಲು ತುಂಬಿಕೊಳ್ಳುತ್ತಿದ್ದರು, ಆಪನ್ನು ಕೊಯ್ದು ಚಾಪೆ ಹೆಣೆಯುತ್ತಿದ್ದರು. ಕೊರವ ಮೀನು ಗೂಡು ಮಾಡಿ ಮರಿ ಕಾಯುವುದು ಈ ಗಿಡಗಳ ಸಂದಿಯಲ್ಲೇ. ದೇವನಕ್ಕಿ ಮೊಟ್ಟೆಯಿಡುವುದು ತೇಲುವ ಎಲೆಗಳ ಮೇಲೆ. ಜಂಬುಕೋಳಿಗೆ ಜೊಂಡೇ ಮನೆ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬರುತ್ತವೆಂದು ನಾವು ಹೆಮ್ಮೆಪಡುತ್ತೇವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯಿತು. ಹಕ್ಕಿ ಗೂಡು ಕಟ್ಟುವುದು ಆ ಊರಿನ ಹುಣಸೆ ಮರದಲ್ಲಿ, ಮೇಯುವುದು ಸುತ್ತಲಿನ ಕೆರೆ, ಹೊಳೆಗಳಲ್ಲಿ. ಮೀನು ಮರಿ ಮಾಡಲು ಜಾಗವಿಲ್ಲದ ಕೆರೆಗಳನ್ನು ಸುತ್ತ ಇಟ್ಟುಕೊಂಡು ಮರವೊಂದನ್ನೇ ಕಾದರೆ ಹಕ್ಕಿ ಉಳಿಯುವುದಿಲ್ಲ.

ನೀರಡಿಯ ಗಿಡದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಅದರ ಬೇರು ಹೂಳನ್ನು ಹಿಡಿಯುತ್ತದೆ. ಹೂಳು ಕದಡದಿದ್ದರೆ ನೀರು ತಿಳಿಯಾಗಿರುತ್ತದೆ. ತಿಳಿನೀರಲ್ಲಿ ಬೆಳಕು ತಳಕ್ಕೆ ಇಳಿದು ಗಿಡ ಇನ್ನಷ್ಟು ಬೆಳೆಯುತ್ತದೆ. ಒಮ್ಮೆ ಗಿಡ ಹೋಯಿತೋ, ಅದೇ ಚಕ್ರ ತಿರುವುಮುರುವು. ನೀರು ಕದಡುತ್ತದೆ, ಬೆಳಕು ಇಳಿಯುವುದಿಲ್ಲ, ಗಿಡ ಮೊಳೆಯುವುದಿಲ್ಲ, ನೀರು ಹಸಿರು ಬಣ್ಣದಂತಾಗುತ್ತದೆ. ನೆದರ್ಲೆಂಡ್ಸಿನ ವೆಲೂವೆ ಸರೋವರಕ್ಕೆ ಆದದ್ದು ಇದೇ. ಅಲ್ಲಿಗೆ ಹರಿಯುವ ರಂಜಕವನ್ನು ತಡೆದರೂ ಬಹುಕಾಲ ಗಿಡ ಹಿಂತಿರುಗಲಿಲ್ಲ. ತಳ ಕೆದಕುವ ಮೀನುಗಳನ್ನು ಹಿಡಿದು ಕಡಿಮೆ ಮಾಡಿದ ಮೇಲೆ, 1990ರ ದಶಕದಲ್ಲಿ, ನೀರಡಿಯ ಸಸ್ಯಗಳು ಮತ್ತೆ ಹಬ್ಬಿದವು.

ಈಗ ಕಳೆಯ ಮಾತು. ನೇರಳೆ ಹೂವಿನ ಅಂತರಗಂಗೆ ನಮ್ಮ ಗಿಡವಲ್ಲ, ದಕ್ಷಿಣ ಅಮೆರಿಕದ್ದು; ಹೂವಿನ ಅಂದಕ್ಕೆ ಮರುಳಾಗಿ ತಂದದ್ದು. ಗೊಬ್ಬರದ ನೀರು ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ. ಅದರ ಬೀಜ ಕೆಸರಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಜೀವ ಹಿಡಿದಿರುತ್ತದೆ. ಇದನ್ನು ತೆಗೆಯಲೇಬೇಕು, ಹೂ ಬಿಡುವ ಮೊದಲೇ ತೆಗೆಯಬೇಕು. ಕಿತ್ತದ್ದನ್ನು ಏರಿಯ ಮೇಲೆ ಬಿಟ್ಟುಬಂದರೆ ಮುಂದಿನ ಮಳೆಗೆ ಮತ್ತೆ ಕೆರೆಗೇ ಜಾರುತ್ತದೆ. ದೂರ ಸಾಗಿಸಿ, ಒಣಗಿಸಿ, ಗೊಬ್ಬರದ ಗುಂಡಿಗೆ ಹಾಕಿ. ಮೇಲಿನ ಕೆರೆಯಲ್ಲೋ ನಾಲೆಯಲ್ಲೋ ಕಳೆಯಿದ್ದರೆ ಮೊದಲು ಅಲ್ಲಿಂದ ಶುರುಮಾಡಿ, ನೀರು ಒಳಬರುವ ಕಡೆ ಬಿದಿರಿನ ತಡೆ ಕಟ್ಟಿ. ಕಳೆನಾಶಕ ಹೊಡೆದು ಕೈತೊಳೆದುಕೊಳ್ಳುವ ಯೋಚನೆ ಬೇಡ. ಸತ್ತ ಗಿಡ ಮುಳುಗಿ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ, ಮೀನು ತೇಲುತ್ತವೆ.

ಕಳೆ ಹೋದರೆ ನಮ್ಮ ಗಿಡ ತಾನೇ ಬರುತ್ತದೆಯೇ ಎಂದು ಕೇಳುವಿರಿ. ನಮ್ಮ ನಾಡಿನಲ್ಲೇ ಅದಕ್ಕೆ ಸಾಕ್ಷಿಯಿದೆ. ಬೆಂಗಳೂರಿನ ಒಂದು ನೈದಿಲೆ ಕೊಳವನ್ನು ಸಾಲ್ವೀನಿಯಾ ಎಂಬ ಹೊರಗಿನ ತೇಲುಕಳೆ ಮುಚ್ಚಿಹಾಕಿತ್ತು. 1983-84ರಲ್ಲಿ ವಿಜ್ಞಾನಿಗಳು ಅದನ್ನು ಮಾತ್ರ ತಿನ್ನುವ ಪುಟ್ಟ ಮೂತಿಹುಳುವನ್ನು ಅಲ್ಲಿ ಬಿಟ್ಟರು. 11 ತಿಂಗಳಲ್ಲಿ ಕಳೆ ಕುಸಿಯಿತು. ಅದರಡಿ ನಲುಗಿಹೋಗಿದ್ದ ನೈದಿಲೆ ಮತ್ತೆ ಚಿಗುರಿತು. ಬೇರು ಉಳಿದಿತ್ತು, ಅದಕ್ಕೇ ಚಿಗುರಿತು. ಈ ಮಾತನ್ನು ಚೆನ್ನಾಗಿ ನೆನಪಿಡಿ.

ಏಕೆಂದರೆ ಇಂದು ನಾವು ಆ ಬೇರನ್ನೇ ಉಳಿಸುತ್ತಿಲ್ಲ. ಜೆಸಿಬಿ, ಹಿಟಾಚಿ ಇಳಿಸಿ ದಡದಿಂದ ದಡಕ್ಕೆ ಕೆರೆದು, ನೆಟ್ಟಗೆ ಬದು ಕಟ್ಟಿ, ಸುತ್ತ ಕಲ್ಲು ಜೋಡಿಸಿ, ಕೆರೆ ಅಭಿವೃದ್ಧಿಯಾಯಿತು ಎನ್ನುತ್ತೇವೆ. ಹೂಳೆಂದು ಟ್ರಾಕ್ಟರಿಗೆ ತುಂಬುವ ಆ ಮೇಲ್ಪದರದಲ್ಲಿ ಕೆರೆಯ ಬಿತ್ತನೆ ಬೀಜವೇ ಇರುತ್ತದೆ. ಚೀನಾದ ಒಂದು ಒಣಗಿದ ಕೆರೆಯ ತಳದಲ್ಲಿ ಸಿಕ್ಕ, ಸುಮಾರು 1,300 ವರ್ಷ ಹಳೆಯ ತಾವರೆ ಬೀಜ ಮೊಳೆತದ್ದನ್ನು ವಿಜ್ಞಾನಿಗಳು 1995ರಲ್ಲಿ ವರದಿ ಮಾಡಿದರು. ಅಷ್ಟು ತಾಳ್ಮೆಯ ಬೀಜವನ್ನು ನಾವು ಒಂದೇ ಬೇಸಿಗೆಯಲ್ಲಿ ಹೊರಗೆ ಸುರಿಯುತ್ತೇವೆ. ಹೂಳು ತೆಗೆಯಲೇಬಾರದು ಎನ್ನುತ್ತಿಲ್ಲ. ಏರಿಯ ಹತ್ತಿರದ ಆಳದ ಭಾಗದಲ್ಲಿ ತೆಗೆಯಿರಿ. ನೀರು ಒಳಬರುವ ಕಡೆಯ ಇಳಿಜಾರು ದಡವನ್ನು ಮುಟ್ಟಬೇಡಿ. ಅಲ್ಲಿಯೂ ತೆಗೆಯಲೇಬೇಕಾದರೆ ಮೇಲಿನ ಗೇಣುದ್ದ ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಕೆಲಸ ಮುಗಿದ ಮೇಲೆ ಅಲ್ಲೇ ಹರಡಿ. ಗುತ್ತಿಗೆದಾರರು ಗೊಣಗಬಹುದು, ಗ್ರಾಮಸಭೆಯಲ್ಲಿ ಎದ್ದುನಿಂತು ಹೇಳಿ, ನಡಾವಳಿಯಲ್ಲಿ ಬರೆಸಿ.

ಏನೂ ಉಳಿಯದ ಕೆರೆಯಾದರೆ ಪಕ್ಕದ ಒಳ್ಳೆಯ ಕೆರೆಯಿಂದ ತಂದು ನೆಡಬೇಕು. ಮೊದಲು ಜೊಂಡು, ಆಪು ಬೇರೂರಲಿ. ನೈದಿಲೆ ಗೆಡ್ಡೆಯನ್ನು ಸೊಂಟದುದ್ದಕ್ಕಿಂತ ಕಡಿಮೆ ನೀರಿರುವಾಗ ಮಣ್ಣಿನುಂಡೆಯ ಜೊತೆ ಇಳಿಸಿ. ಚಿಕ್ಕ ಕೆರೆಗೆ ತಾವರೆ ಹಾಕುವ ಮುನ್ನ ಯೋಚಿಸಿ, ಅದು ಪೂರಾ ಹಬ್ಬಿಕೊಳ್ಳುತ್ತದೆ. ನರ್ಸರಿಯಲ್ಲಿ ಚಂದ ಕಂಡಿತೆಂದು ಹೊರದೇಶದ ಗಿಡ ತರಬೇಡಿ. ಅಂತರಗಂಗೆ ಬಂದ ದಾರಿ ಅದೇ.

ಮೀನಿನ ವಿಷಯದಲ್ಲಿ ಮೀನುಗಾರರ ಜೊತೆ ಕೂತು ಮಾತಾಡಿ, ಜಗಳವಾಡಬೇಡಿ. ಹುಲ್ಲುಗೆಂಡೆ ನೀರಗಿಡವನ್ನೇ ಮೇಯುತ್ತದೆ, ಸಾಮಾನ್ಯ ಗೆಂಡೆ ತಳ ಕೆದಕಿ ಬೇರು ಕೀಳುತ್ತದೆ. ನೆಟ್ಟ ಮೊದಲ ಕೆಲವು ವರ್ಷ ಆ ಎರಡರ ಮರಿ ಬಿಡದೆ, ಕಾಟ್ಲಾ, ರೋಹು ಬಿಟ್ಟರೆ ಅವರ ಆದಾಯಕ್ಕೂ ಪೆಟ್ಟು ಬೀಳದು.

ಚರಂಡಿ ನೀರು ನೇರ ಕೆರೆಗೆ ಬೀಳುತ್ತಿರುವವರೆಗೆ ನೀವು ಕಳೆ ಕೀಳುತ್ತಲೇ ಇರಬೇಕಾಗುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಗಿಡಗಳಿರುವ ಜೌಗು ಹಾದು ಕೆರೆ ಸೇರುತ್ತದೆ. ಹಳ್ಳಿಗೆ ಅಷ್ಟು ದೊಡ್ಡ ಘಟಕ ಬೇಕಿಲ್ಲ. ಚರಂಡಿ ಬಾಯಲ್ಲಿ ಮೊದಲು ಕೊಳೆ ತಂಗುವ ಒಂದು ಗುಂಡಿ, ಆಮೇಲೆ ಜೊಂಡು ನೆಟ್ಟ ಅಗಲವಾದ ಕಟ್ಟೆ ಇದ್ದರೂ ಹೊರೆ ಇಳಿಯುತ್ತದೆ. ಅಲ್ಲಿನ ಜೊಂಡನ್ನು ಆಗಾಗ ಕೊಯ್ದು ಹೊರಗೆ ಹಾಕಬೇಕು, ಇಲ್ಲದಿದ್ದರೆ ಹೀರಿದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ಆ ಜಾಗದ ಸೊಪ್ಪನ್ನು ಮಾತ್ರ ಯಾರೂ ಅಡುಗೆಗೆ ಒಯ್ಯದಂತೆ ನೋಡಿಕೊಳ್ಳಿ.

ಹೊಳೆಯದ್ದೂ ಇದೇ ಕತೆ. ಮರಳಿಗಾಗಿ ಶಿಂಷೆಯ ಒಡಲು ಬಗೆದಾಗ ಗಿಡ ಕಾಲೂರುವ ನೆಲವೇ ಹೋಯಿತು. ಮುತ್ತತ್ತಿಯ ಕಡೆ ಹೋದಾಗ ಕಾವೇರಿ ದಡದ ಹೊಳೆಮತ್ತಿ ಮರಗಳ ಬೇರನ್ನು ನಿಂತು ನೋಡಿ, ಗಿಡಮರ ದಂಡೆಯನ್ನು ಹೇಗೆ ಹಿಡಿದಿರುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಿಮ್ಮಲ್ಲಿ ನಾನು ಬೇಡುವುದು ಇಷ್ಟು. ಈ ಬೇಸಿಗೆಗೆ ಯಂತ್ರ ಕರೆಸುವ ಮುನ್ನ ಊರಿನ ಹಿರಿಯ ಹೆಂಗಸರನ್ನು, ಮೀನು ಹಿಡಿಯುವವರನ್ನು ಜೊತೆಗಿಟ್ಟುಕೊಂಡು ಕೆರೆಯ ಸುತ್ತ ಒಂದು ಸಲ ನಡೆಯಿರಿ. ಯಾವ ಗಿಡ ಎಲ್ಲಿದೆ ಎಂದು ಅವರನ್ನು ಕೇಳಿ ಬರೆದುಕೊಳ್ಳಿ. ನಮ್ಮ ಗಿಡ ಇರುವ ಕಡೆ ಗೂಟ ನೆಟ್ಟು ಹಗ್ಗ ಕಟ್ಟಿ, ಅದರೊಳಗೆ ಯಂತ್ರ ಇಳಿಯದಂತೆ ನೀವೇ ನಿಂತು ಕಾಯಿರಿ.