‘ಹಾಲು’ ಎಂಬ ಮಾತು



ಒಂದು ದಿನ ತರಗತಿಯಲ್ಲಿ ಹುಡುಗನೊಬ್ಬನು “ಬೆಳಿಗ್ಗೆ ಆಲು ಕುಡಿದು ಬಂದೆ” ಎಂದನು. ನಮ್ಮ ಅಲಿಪುರದ ಬೀದಿಯಲ್ಲಿ ‘ಆಲು’ ಎಂದರೆ ಆಲೂಗಡ್ಡೆಯಷ್ಟೆ! ತರಗತಿಯೆಲ್ಲ ಗೊಳ್ಳೆಂದು ನಕ್ಕಿತು, ನಾನೂ ನಕ್ಕೆನು. ಆ ಬಳಿಕ ಅವನು ಅನೇಕ ದಿನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಯವಳಾದ ನನ್ನ ತಾಯಿಯೂ ‘ಆಲು’ ಎಂದೇ ಅನ್ನುತ್ತಿದ್ದಳೆಂಬುದು ನೆನಪಾಗಿ ನನಗೆ ನಾಚಿಕೆಯಾಯಿತು. ಆ ತಪ್ಪಿಗೆ ಪ್ರಾಯಶ್ಚಿತ್ತವೇ ಈ ಪಾಠ.

‘ಹಾಲು’ ಎಂದರೆ ಹಸು ಎಮ್ಮೆಗಳು ಕೊಡುವುದು ಮಾತ್ರವಲ್ಲ. ಎಕ್ಕದ ಗಿಡದಿಂದ ಒಸರುವ ಬಿಳಿಯ ರಸವೂ ಹಾಲೇ. ಎಳೆಯ ತೆನೆಯ ಕಾಳಿನಲ್ಲಿ ತುಂಬುವುದೂ ಹಾಲೇ. ಮೊದಲು ಮೂಡುವ ಹಲ್ಲು ಹಾಲುಹಲ್ಲು.

ಬಂಗಾಳಿಯ ‘ದುಧ್’ ಸಂಸ್ಕೃತದ ‘ದುಗ್ಧ’ದಿಂದ ಬಂದುದು. ನಮ್ಮ ಮಾತಾದರೋ ದ್ರಾವಿಡ ಮೂಲದ್ದು. ತಮಿಳರು ‘ಪಾಲ್’ ಎನ್ನುತ್ತಾರೆ, ತೆಲುಗರು ‘ಪಾಲು’, ತುಳುವರು ‘ಪೇರ್’. ಹಳಗನ್ನಡದಲ್ಲಿಯೂ ಇದು ‘ಪಾಲ್’ ಎಂದೇ ಇದ್ದಿತು. ಸುಮಾರು 10ನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಮಾತಿನ ಮೊದಲ ಪಕಾರವು ಹಕಾರವಾಗತೊಡಗಿತು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಾಲ್ ಹಾಲಾಯಿತು. ಮುಂದೆ ಕೆಲವು ಸೀಮೆಗಳ ಆಡುಮಾತಿನಲ್ಲಿ ಆ ಹಕಾರವೂ ಜಾರಿ ‘ಆಲು’ ಉಳಿಯಿತು. ಒಂದೇ ದಾರಿಯಲ್ಲಿ ಇಟ್ಟ ಮೂರು ಹೆಜ್ಜೆಗಳಿವು.

ಇಂತಹ ಮಾರ್ಪಾಟು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಹಿರಿಯ ಕನ್ನಡ ನಿಘಂಟನ್ನು ರಚಿಸಿದ ಕಿಟ್ಟೆಲರು ಉತ್ತರ ಜರ್ಮನಿಯಲ್ಲಿ ಹುಟ್ಟಿದವರು. ಜರ್ಮನಿಯ ಶಾಲೆಗಳಲ್ಲಿ ಸೇಬಿಗೆ ‘ಅಪ್ಫೆಲ್’ ಎಂದು ಕಲಿಸುತ್ತಾರೆ. ಕಿಟ್ಟೆಲರ ಸೀಮೆಯ ಆಡುನುಡಿಯಲ್ಲಿ ಅದು ‘ಅಪ್ಪೆಲ್’. ಅಲ್ಲಿಯೂ ಪಕಾರವೇ ಹಳೆಯದು. ಪುಸ್ತಕದ ರೂಪವೇ ಹೊಸದು, ಹಳ್ಳಿಯ ರೂಪವೇ ಪ್ರಾಚೀನ!

ಆದುದರಿಂದ ‘ಆಲು’ ಎಂಬುದು ಅಜ್ಞಾನದಿಂದ ಹುಟ್ಟಿದ ಮಾತಲ್ಲ. ‘ಪಾಲ್’ ಎನ್ನುತ್ತಿದ್ದ ಹಿರಿಯರು ‘ಹಾಲು’ ಎಂದ ಮಕ್ಕಳನ್ನೂ ಒಮ್ಮೆ ನಕ್ಕಿರಬಹುದು. ಬರೆಯುವಾಗ ಎಲ್ಲರೂ ‘ಹಾಲು’ ಎಂದೇ ಬರೆಯಿರಿ. ನಾನಾ ಸೀಮೆಗಳಿಂದ ಬಂದ ನಮಗೆಲ್ಲ ತಿಳಿಯುವ ಒಂದು ರೂಪ ಬೇಕು. ಆದರೆ ಒಬ್ಬರ ಮನೆಮಾತನ್ನು ಮತ್ತೊಬ್ಬರು ಹಳಿಯದಿರಿ.

ನಿಮ್ಮ ಮನೆಯ ಹಿರಿಯರು ಹಾಲು, ಹೂವು, ಹಣ್ಣು, ಹಾವುಗಳನ್ನು ಏನೆಂದು ಕರೆಯುವರೆಂದು ಕೇಳಿ ಬರೆದು ತನ್ನಿರಿ. ತರಗತಿಯಲ್ಲಿ ಮೊದಲು ಆ ಹುಡುಗನೇ ಓದಲಿ.