ಊರ ಕಾಲುದಾರಿ: ಸವರುವ ಕ್ರಮ, ಉಳಿಸುವ ಕ್ರಮ



ಮನೆ ಬಾಗಿಲಿಗೆ ಜೀಪು, ಬೈಕು ಬರತೊಡಗಿದ ಮೇಲೆ ನಮ್ಮ ಮಲೆನಾಡಿನ ಕಾಲುದಾರಿಗಳನ್ನು ಕೇಳುವವರಿಲ್ಲ. ಎರಡು ಮಳೆಗಾಲ ಸವರದೆ ಬಿಟ್ಟರೆ ಲಂಟಾನ, ಕಮ್ಯುನಿಸ್ಟ್ ಗಿಡಗಳು ದಾರಿಯನ್ನೇ ನುಂಗುತ್ತವೆ. ದಾರಿ ಕಾಣದಾದಾಗ ಬೇಲಿ ಮುಂದಕ್ಕೆ ಬರುತ್ತದೆ. ನನ್ನ ತೋಟದ ಬೇಲಿಯೂ ಹಾಗೆಯೇ ಎರಡಡಿ ಮುಂದೆ ಬಂದಿತ್ತು. ಕಳೆದ ಮಳೆಗಾಲ ಆಚೆಮನೆಯ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆಗೆ ಹೊತ್ತು ತರುವಾಗ, ಇಬ್ಬರು ಅಕ್ಕಪಕ್ಕ ನಡೆಯಲಾಗದೆ ನನ್ನ ಬೇಲಿಯ ಬಳಿಯೇ ನಿಲ್ಲಬೇಕಾಯಿತು. ಮರುದಿನ ಬೇಲಿ ಹಿಂದಕ್ಕೆ ಹಾಕಿಸಿದೆ. ಅಂದಿನಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ದಾಖಲೆ

ಶ್ರಮದಾನಕ್ಕೆ ಇಳಿಯುವ ಮುನ್ನ ಗ್ರಾಮನಕ್ಷೆ, ಪಹಣಿ ನೋಡಿರಿ. ಪಹಣಿಯಲ್ಲಿ ಫೂಟ್ ಖರಾಬು ಎರಡು ಬಗೆ. ‘ಅ’ ಎಂದರೆ ಸಾಗುವಳಿಗೆ ಒದಗದ ಜಾಗ. ‘ಬ’ ಎಂದರೆ ಸಾರ್ವಜನಿಕರಿಗೆ ಬಿಟ್ಟದ್ದು. 1966ರ ಕರ್ನಾಟಕ ಭೂಕಂದಾಯ ನಿಯಮಗಳಂತೆ ರಸ್ತೆ, ಮಾನ್ಯ ಕಾಲುದಾರಿ ಇದರಲ್ಲಿ ಸೇರುತ್ತವೆ. ಅದು ನಮ್ಮ ಸರ್ವೆ ನಂಬರಿನೊಳಗೇ ಇದ್ದರೂ ಮುಚ್ಚುವ ಹಕ್ಕು ನಮಗಿಲ್ಲ.

ನೆರೆಯವರ ಹಿಡುವಳಿಯೊಳಗೆ ರೂಢಿಯಿಂದ ನಡೆದ ದಾರಿಯ ವಿಚಾರ ಬೇರೆ. 1882ರ ಈಸ್‌ಮೆಂಟ್ ಕಾಯಿದೆಯಂತೆ ಬಹಿರಂಗವಾಗಿ, ಹಕ್ಕಿನಿಂದ, ತಡೆಯಿಲ್ಲದೆ 20 ವರ್ಷ ನಡೆದರೆ ದಾರಿಯ ಹಕ್ಕು ಬರುತ್ತದೆ. ಅಪ್ಪಣೆ ಕೇಳಿ ನಡೆದದ್ದು ಲೆಕ್ಕಕ್ಕಿಲ್ಲ. ಹಾಗೆ ಬಂದ ಹಕ್ಕು ಸತತ 20 ವರ್ಷ ನಡೆಯದೆ ಬಿಟ್ಟರೆ ಸಾಮಾನ್ಯವಾಗಿ ನಶಿಸುತ್ತದೆ. ಇಂಥ ದಾರಿಯನ್ನು ಜಮೀನಿನವರೊಡನೆ ಮಾತಾಡಿಯೇ ಸವರತಕ್ಕದ್ದು.

ಸವರುವ ಕಾಲ

ಮಳೆ ಹಿಂದಾದ ಕೂಡಲೇ, ಕೊಯ್ಲಿಗೆ ಮೊದಲು. ಆಗ ಮಣ್ಣು ಹಸಿಯಿದ್ದು ಲಂಟಾನದ ಬುಡ ಪಿಕಾಸಿಗೆ ಸುಲಭವಾಗಿ ಏಳುತ್ತದೆ. ಬರೇ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಇಲ್ಲವಾದರೆ ಬೀಜ ಗಾಳಿಗೆ ಹಾರಿ ತೋಟಕ್ಕೂ ಬೀಳುತ್ತದೆ.

ಇನ್ನೊಂದು ಕಾರಣವೂ ಉಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳ ಕಾಟ ಮಳೆ ಕಳೆದು ಒಣಹವೆ ಬಂದಾಗ ಹೆಚ್ಚು. ಆಗ ಪೊದೆಗೆ ಕೈ ಹಾಕುವುದಕ್ಕಿಂತ ಮೊದಲೇ ಮುಗಿಸುವುದು ಲೇಸು. ಮೈತುಂಬ ಬಟ್ಟೆ, ಕಾಲಿಗೆ ಬೂಟು ಇರಲಿ. ಹಾವಿನ ಭಯವಿರುವುದರಿಂದ ಪೊದೆಯನ್ನು ಕೋಲಿನಿಂದ ಬಡಿದೇ ಕತ್ತಿ ಹಾಕಿರಿ.

ಕೆಲಸದ ಕ್ರಮ

ಅಗಲ ಆರಡಿ, ಎತ್ತರ ಎಂಟಡಿ ತೆರವಾದರೆ ತಲೆಹೊರೆಯವರಿಗೂ, ರೋಗಿಯನ್ನು ಹೊತ್ತವರಿಗೂ ಸಾಕು. ಮೇಲಿನ ಮರ ಕಡಿಯಬೇಡಿ. ನೆರಳಿದ್ದಲ್ಲಿ ಲಂಟಾನ ಅಷ್ಟಾಗಿ ಏಳದು. ಹಳ್ಳ, ಬಾವಿಗಳ ಬಳಿ ಕಳೆನಾಶಕ ಖಂಡಿತ ಬೇಡ.

ದಾರಿಗೆ ಗಿಡಕ್ಕಿಂತ ದೊಡ್ಡ ವೈರಿ ನೀರು. ಇಳಿಜಾರಿನಲ್ಲಿ ದಾರಿಯೇ ತೋಡಾಗಿ ಕೊರೆದುಹೋಗುತ್ತದೆ. ಅಲ್ಲಲ್ಲಿ ಓರೆಯಾಗಿ ಕಲ್ಲು ಹೂಳಿ, ನೀರನ್ನು ಪಕ್ಕದ ಚರಂಡಿಗೆ ತಿರುಗಿಸಬೇಕು, ನೆರೆಯವರ ತೋಟಕ್ಕಲ್ಲ. ಬೇಲಿ ದಾಟುವಲ್ಲಿ ದಣಪೆ ಇರಲಿ. ಸೋಲಾರ್ ಬೇಲಿ ಹಾಕಿದವರು ದಾರಿಗೆ ಗೇಟು ಬಿಡತಕ್ಕದ್ದು.

ಒಂದು ದಿನದ ಉತ್ಸಾಹದಿಂದ ದಾರಿ ಉಳಿಯದು. ದಾರಿಯನ್ನು ಮನೆಗಿಷ್ಟು ಎಂದು ಹಂಚಿಕೊಂಡು, ಮಳೆಗೆ ಮೊದಲು ಚರಂಡಿ, ಮಳೆಯ ನಂತರ ಗಿಡ, ಹೀಗೆ ವರ್ಷಕ್ಕೆ ಎರಡು ಸಲ ನೋಡಿಕೊಂಡರೆ ಯಾರಿಗೂ ಹೊರೆಯಲ್ಲ. ಆಳಿಲ್ಲದ ಮನೆಯವರ ಪಾಲನ್ನು ಉಳಿದವರು ಮಾಡಿಕೊಡೋಣ.

ಗ್ರಾಮನಕ್ಷೆಯ ಪ್ರತಿಯೊಂದನ್ನು ಸಂಘದ ಕಚೇರಿಯಲ್ಲಿ ಇಟ್ಟಿದೆ. ಗೊಬ್ಬರಕ್ಕೆ ಬಂದಾಗ ನಿಮ್ಮ ತೋಟದ ಮೇಲೆ ಹಾದ ದಾರಿಯನ್ನು ನೋಡಿಕೊಂಡು ಹೋಗಿರಿ.

— ಕಾರ್ಯದರ್ಶಿ